ಒಗ್ಗರಣೆಗೆ ಮುಂಚಿನ ಕೆಲಸ

ಬೇಳೆ ಬೆಂದಿದ್ದರೆ, ತರಕಾರಿ ಹೆಚ್ಚಿದ್ದರೆ, ಹುಣಸೆಹಣ್ಣು ಕಿವುಚಿಟ್ಟಿದ್ದರೆ, ಕಾಯಿ ತುರಿದಿದ್ದರೆ, ಮಸಾಲೆ ರುಬ್ಬಿದ್ದರೆ ಹುಳಿ ಮಾಡುವುದಕ್ಕೆ ಎಷ್ಟು ಹೊತ್ತು ಬೇಕು? ಹದಿನೈದು ನಿಮಿಷ ಸಾಕು. ಕುದಿಸಿ, ಉಪ್ಪು ನೋಡಿ, ಒಗ್ಗರಣೆ ಕೊಟ್ಟು ಇಳಿಸಿದರೆ ಆಯಿತು. ಅಡುಗೆಯ ಶ್ರಮವೆಲ್ಲ ಇರುವುದು ಆ ಹದಿನೈದು ನಿಮಿಷಕ್ಕೆ ಮುಂಚೆ. ಆಫೀಸಿನಿಂದ ಏಳು ಗಂಟೆಗೆ ಮನೆಗೆ ಬಂದು ಈರುಳ್ಳಿ ಸಿಪ್ಪೆ ಸುಲಿಯಲು ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಶ್ರಮ ಯಾರ ಪಾಲಿನದು ಎಂಬುದಕ್ಕೆ ಲೆಕ್ಕವೂ ಇದೆ. ಕೇಂದ್ರ ಸರ್ಕಾರದ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಅದರಲ್ಲೂ ಮನೆಗೆಲಸಕ್ಕೆ ಕೈಹಾಕಿದ ಗಂಡಸರು ನೂರಕ್ಕೆ 26 ಮಂದಿ ಮಾತ್ರ. ಹತ್ತಿರ ಹತ್ತಿರ ಐದು ಗಂಟೆಯ ಈ ದುಡಿಮೆಯಲ್ಲಿ ಅಡುಗೆಮನೆಯ ಪಾಲು ದೊಡ್ಡದು. ಹಾಗಾಗಿ ಮಸಾಲೆಯನ್ನು ಮುಂಚಿತವಾಗಿ ಮಾಡಿಟ್ಟುಕೊಳ್ಳುವುದು ಸೋಮಾರಿತನವೆಂಬ ಹಳೆಯ ಟೀಕೆಗೆ ಈಗ ಯಾರೂ ಕಿವಿಗೊಡಬೇಕಾಗಿಲ್ಲ.

ಆ ಟೀಕೆಗೆ ನಮ್ಮ ಅಡುಗೆಯ ಪರಂಪರೆಯಲ್ಲೂ ಆಧಾರವಿಲ್ಲ. ಬೇಸಿಗೆ ಬಂತೆಂದರೆ ಅಂಗಳದಲ್ಲಿ ಮೆಣಸಿನಕಾಯಿ ಹರಡುವುದು, ಕೊತ್ತಂಬರಿ ಬೀಜ ಹುರಿಯುವುದು, ಮಿಲ್ಲಿಗೆ ಹೊತ್ತು ಪುಡಿ ಮಾಡಿಸುವುದು, ಎಲ್ಲವೂ ವರ್ಷದ ಅಡುಗೆಯನ್ನು ಮುಂಚೆಯೇ ಅರ್ಧ ಮುಗಿಸಿಡುವ ಕೆಲಸವೇ. ಹಳೇ ಮೈಸೂರಿನ ಕಡೆ ಸಾರಿನ ಪುಡಿ, ಹುಳಿಪುಡಿ ಬೇರೆ ಬೇರೆ ಡಬ್ಬಿಯಲ್ಲಿರುತ್ತವೆ. ಕುಂದಾಪುರದ ಮನೆಗಳಲ್ಲಿ ಕೋಳಿಗೂ ಮೀನಿಗೂ ಒದಗುವ ಮಸಾಲೆಪುಡಿ, ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಬಫಾತ್ ಪುಡಿ. ಉತ್ತರ ಕರ್ನಾಟಕದಲ್ಲಿ ಮಸಾಲಿ ಖಾರ. ಅದು ಡಬ್ಬಿಯಲ್ಲಿದ್ದರೆ ಎಣ್ಣೆಗಾಯಿ ಪಲ್ಯಕ್ಕೆ ಬದನೆಕಾಯಿ ಸೀಳುವಷ್ಟು ಹೊತ್ತು ಸಾಕು. ಹಣ್ಣುಮೆಣಸಿನಕಾಯಿಯನ್ನು ಬೆಳ್ಳುಳ್ಳಿ, ಮೆಂತ್ಯ, ಉಪ್ಪು, ನಿಂಬೆರಸದ ಜೊತೆ ಕುಟ್ಟಿ ಭರಣಿಗೆ ತುಂಬುವ ರಂಜಕವೂ ಅಲ್ಲಿಯದೇ. ಕೊಡಗಿನ ಮನೆಗಳಲ್ಲಿ ಕರ್ರಗೆ ಮಂದವಾದ ಕಾಚಂಪುಳಿ ಶೀಸೆಯಲ್ಲಿರುತ್ತದೆ, ಪಂದಿಕರಿಗೆ ಒಂದೆರಡು ಚಮಚ ಬಿದ್ದರೆ ಹುಳಿಯ ಕೆಲಸ ಮುಗಿಯಿತು. ಮಲೆನಾಡು, ಕರಾವಳಿಯಲ್ಲಿ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟು, ತರಕಾರಿ ಸಿಗದ ಆಷಾಢದ ಮಳೆಯಲ್ಲಿ ತೆಗೆದು ನೀರಿಗೆ ಹಾಕಿ, ಉಪ್ಪು ಬಿಡಿಸಿ ಪಲ್ಯವನ್ನೋ ಹುಳಿಯನ್ನೋ ಮಾಡುತ್ತಾರೆ.

ಇವೆಲ್ಲ ಕೆಡದೆ ಉಳಿಯುವುದರ ಹಿಂದೆ ಇರುವುದು ಒಂದೇ ಉಪಾಯ: ಸೂಕ್ಷ್ಮಜೀವಿಗಳು ಬೆಳೆಯದಂತೆ ಮಾಡುವುದು. ಒಣಗಿಸಿದರೆ, ಹುರಿದರೆ ನೀರೇ ಇರುವುದಿಲ್ಲ. ಉಪ್ಪಿನಲ್ಲಿ ಹಾಕಿದರೆ ನೀರು ಇದ್ದರೂ ಅವುಗಳಿಗೆ ದಕ್ಕುವುದಿಲ್ಲ. ಹುಣಸೆ, ನಿಂಬೆ, ಕಾಚಂಪುಳಿಗಳ ಹುಳಿಯಲ್ಲಿ ಹೆಚ್ಚಿನವು ಬದುಕುವುದಿಲ್ಲ. ಅಜ್ಜಿಯರಿಗೆ ಗೊತ್ತಿದ್ದ ಈ ಮೂರಕ್ಕೆ ಫ್ರಿಜ್ ನಾಲ್ಕನೆಯದಾಗಿ ಚಳಿಯನ್ನು ಸೇರಿಸಿತು. ಆದರೆ ಚಳಿ ಸೂಕ್ಷ್ಮಜೀವಿಗಳನ್ನು ಕೊಲ್ಲುವುದಿಲ್ಲ, ಅವುಗಳ ಓಟವನ್ನು ತಗ್ಗಿಸುತ್ತದೆ, ಅಷ್ಟೆ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಂಡರೆ ಯಾವುದನ್ನು ಎಲ್ಲಿ, ಎಷ್ಟು ದಿನ ಇಡಬಹುದೆಂಬ ಪ್ರಶ್ನೆಗಳಿಗೆ ಮುಕ್ಕಾಲು ಪಾಲು ಉತ್ತರ ತಾನಾಗಿ ಸಿಗುತ್ತದೆ.

ಹುಳಿಪುಡಿಯನ್ನೇ ತೆಗೆದುಕೊಳ್ಳಿ. ಅರ್ಧ ಕಿಲೋ ಕೊತ್ತಂಬರಿ ಬೀಜಕ್ಕೆ ಕಾಲು ಕಿಲೋ ಮೆಣಸಿನಕಾಯಿ, ಕೈತುಂಬ ಕಡಲೆಬೇಳೆ, ಅದಕ್ಕಿಂತ ಕಡಿಮೆ ಉದ್ದಿನಬೇಳೆ, ಜೀರಿಗೆ, ಮೆಂತ್ಯ, ಇಂಗು, ಕರಿಬೇವು. ಒಂದೊಂದು ಮನೆಗೆ ಅಳತೆ ಬದಲಾಗುತ್ತದೆ. ಮೆಣಸಿನಕಾಯಿ ಬ್ಯಾಡಗಿಯದಾದರೆ ಒಳ್ಳೆಯದು. ಹಾವೇರಿ ಜಿಲ್ಲೆಯ ಆ ಸುಕ್ಕು ಸುಕ್ಕಾದ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಬಣ್ಣ ಗಾಢ, ಖಾರ ಹದ. ಹೀಗೆ ಮಾಡಿದ ಪುಡಿ ಗಾಳಿಯಾಡದ ಡಬ್ಬಿಯಲ್ಲಿ ಮೂರು ನಾಲ್ಕು ತಿಂಗಳು ಘಮ ಕಳೆದುಕೊಳ್ಳುವುದಿಲ್ಲ. ಕೊಬ್ಬರಿ ಸೇರಿಸಿದಿರೋ, ಲೆಕ್ಕ ಬದಲಾಯಿತು. ಕೊಬ್ಬರಿಯ ಎಣ್ಣೆ ಗಾಳಿ ತಾಗಿ ಕಮಟು ಹಿಡಿಯುತ್ತದೆ. ಆದ್ದರಿಂದಲೇ ಬಹಳಷ್ಟು ಮನೆಗಳಲ್ಲಿ ಪುಡಿಗೆ ಕೊಬ್ಬರಿ ಹಾಕುವುದಿಲ್ಲ, ಅಡುಗೆಯ ದಿನ ಹಸಿ ಕಾಯಿ ರುಬ್ಬಿ ಅದಕ್ಕೆ ಪುಡಿ ಬೆರೆಸುತ್ತಾರೆ. ಎಲ್ಲಿಯವರೆಗೆ ಮುಂಚೆ ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎನ್ನುವ ತಿಳಿವಳಿಕೆಯೇ ಈ ಇಡೀ ವಿದ್ಯೆಯ ತಿರುಳು.

ಪುಡಿಯ ವಿಷಯದಲ್ಲಿ ನಮಗೆ ಹೊಸಬರು ಕಲಿಸಬೇಕಾದ್ದು ಕಡಿಮೆ. ಹೊಸದಾಗಿ ಕಲಿಯಬೇಕಾದ್ದು ಈರುಳ್ಳಿಯ ಪಾಠ. ಚಪಾತಿ, ಪೂರಿ, ಘೀರೈಸ್‌ಗಳ ಜೊತೆ ನಂಚಿಕೊಳ್ಳುವ ಕಡಲೆಕಾಳು, ರಾಜ್ಮಾ, ಪನೀರ್, ಮೊಟ್ಟೆ, ಕೋಳಿಯ ಗ್ರೇವಿಗಳಿಗೆಲ್ಲ ತಳಪಾಯ ಹುರಿದ ಈರುಳ್ಳಿ ಮತ್ತು ಟೊಮೆಟೊ. ಈರುಳ್ಳಿಯ ತೂಕದಲ್ಲಿ ಶೇ 85ಕ್ಕಿಂತ ಹೆಚ್ಚು ನೀರೇ. ಆ ನೀರು ಹೋಗುವ ತನಕ ಬಾಣಲೆಯ ಶಾಖ ನೂರು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ನಿಂತಿರುತ್ತದೆ, ಈರುಳ್ಳಿ ಬೇಯುತ್ತದೆಯೇ ಹೊರತು ಕೆಂಪಗಾಗುವುದಿಲ್ಲ. ನೀರು ಇಂಗಿದ ಮೇಲೆ ಶಾಖ ಏರಿ, ಅದರ ಸಕ್ಕರೆಯೂ ಅಮೈನೊ ಆಮ್ಲಗಳೂ ಕೂಡಿ ಹೊಂಬಣ್ಣ, ಸಿಹಿ, ಘಮ ಹುಟ್ಟುತ್ತವೆ. ಆತುರಕ್ಕೆ ಉರಿ ಜೋರು ಮಾಡಿದರೆ ಅಂಚು ಸೀದು ನಡುವೆ ಹಸಿ ಉಳಿಯುತ್ತದೆ. ಈ ಕೆಲಸದಲ್ಲಿ ಕಾಯದೆ ಬೇರೆ ದಾರಿಯಿಲ್ಲ.

ಇಲ್ಲೇ ಒಟ್ಟಿಗೆ ಮಾಡುವುದರ ಲಾಭ. ಎರಡು ಈರುಳ್ಳಿ ಹೆಚ್ಚಿ ಕೆಂಪಗೆ ಹುರಿಯಲು ಇಪ್ಪತ್ತು ನಿಮಿಷ ಬೇಕೆಂದಿಟ್ಟುಕೊಳ್ಳಿ. ವಾರಕ್ಕೆ ಐದು ಸಲ ಮಾಡಿದರೆ ನೂರು ನಿಮಿಷ. ಒಂದೂವರೆ ಕಿಲೋ ಈರುಳ್ಳಿಯನ್ನು ಅಗಲ ತಳದ ದಪ್ಪ ಪಾತ್ರೆಯಲ್ಲಿ ಒಮ್ಮೆಲೇ ಹುರಿಯಲು ಐದು ಪಟ್ಟು ಹೊತ್ತು ಬೇಕಾಗುವುದಿಲ್ಲ. ಹೆಚ್ಚುವ ಹೊತ್ತೂ ಸೇರಿ ಒಂದು ಗಂಟೆ ಸಾಕು, ಆ ಗಂಟೆಯಲ್ಲೂ ಎಡೆಬಿಡದೆ ಸೌಟು ಆಡಿಸಬೇಕಾದ್ದು ಕೊನೆಯ ಹತ್ತು ನಿಮಿಷ. ಮೊದಲೇ ಚೂರು ಉಪ್ಪು ಹಾಕಿದರೆ ನೀರು ಬೇಗ ಬಿಡುತ್ತದೆ. ಈರುಳ್ಳಿ ಜೇನಿನ ಬಣ್ಣಕ್ಕೆ ತಿರುಗಿದಾಗ ಶುಂಠಿ-ಬೆಳ್ಳುಳ್ಳಿ ಹಾಕಿ ಹಸಿ ವಾಸನೆ ಹೋಗುವವರೆಗೆ ಬಾಡಿಸಬೇಕು. ಆಮೇಲೆ ಮುಕ್ಕಾಲು ಕಿಲೋ ಟೊಮೆಟೊ, ಅರಿಸಿನ. ಮೊದಲು ತೆಳ್ಳಗೆ ಕುದಿಯುತ್ತದೆ, ನಂತರ ಗಟ್ಟಿಯಾಗಿ ಪಟಪಟ ಸಿಡಿಯುತ್ತದೆ, ಕೊನೆಗೆ ಪಾತ್ರೆಯ ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡು ಮುದ್ದೆ ಕಟ್ಟುತ್ತದೆ. ಒಲೆ ಆರಿಸಬೇಕಾದ್ದು ಆಗ.

ಗರಂ ಮಸಾಲೆಯನ್ನು ಇದಕ್ಕೆ ಹಾಕಕೂಡದು, ಗೋಡಂಬಿಯನ್ನೂ ಹಾಕಕೂಡದು. ತಳಪಾಯ ಸಪ್ಪೆಯಾಗಿದ್ದರೆ ತಾನೇ ಅದರ ಮೇಲೆ ಬೇರೆ ಬೇರೆ ರುಚಿ ನಿಲ್ಲುವುದು? ಸೋಮವಾರ ಅದಕ್ಕೆ ಚೋಲೆ ಮಸಾಲೆ, ಬುಧವಾರ ಕಾಯಿ-ಗಸಗಸೆ ರುಬ್ಬಿ ಹಾಕಿ ಕುರ್ಮಾ, ಶನಿವಾರ ಕಾಳುಮೆಣಸು ಮುಂದಾದ ಕೋಳಿ ಗ್ರೇವಿ.

ಹೋಟೆಲುಗಳು ಬದುಕಿರುವುದೇ ಈ ಲೆಕ್ಕದ ಮೇಲೆ. ಇನ್ನೂರು ಬಗೆಯ ತಿನಿಸಿನ ಮೆನು ಹಿಡಿದು ಬರುವ ‘ನಾರ್ತ್ ಇಂಡಿಯನ್’ ಅಡುಗೆಮನೆಗಳಲ್ಲಿ ಬೆಳಿಗ್ಗೆ ತಯಾರಾಗುವುದು ಮೂರು ನಾಲ್ಕು ಗ್ರೇವಿಗಳು: ಈರುಳ್ಳಿ-ಟೊಮೆಟೊದ ಕಂದು ಗ್ರೇವಿ, ಗೋಡಂಬಿಯ ಬಿಳಿ ಗ್ರೇವಿ, ಬೆಣ್ಣೆ-ಟೊಮೆಟೊದ ಮಖನಿ. ಉಳಿದದ್ದು ಆರ್ಡರು ಬಂದ ಮೇಲೆ. ಬ್ರಿಟನ್ನಿನ ಕರಿ ಹೌಸ್‌ಗಳು ಇದನ್ನು ಇನ್ನೂ ಮುಂದಕ್ಕೆ ಒಯ್ದವು. ಅವುಗಳಲ್ಲಿ ಬಹುಪಾಲು ಬಾಂಗ್ಲಾದೇಶದ ಸಿಲ್ಹೆಟ್ ಕಡೆಯಿಂದ ವಲಸೆ ಹೋದವರದು. ದೊಡ್ಡ ಹಂಡೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಒಂದಿಷ್ಟು ಕ್ಯಾರೆಟ್, ದಪ್ಪಮೆಣಸಿನಕಾಯಿಯನ್ನು ಬೇಯಿಸಿ ನುಣ್ಣಗೆ ರುಬ್ಬಿದ ತೆಳ್ಳನೆಯ ಒಂದೇ ಗ್ರೇವಿಯಿಂದ ಕೊರ್ಮಾ, ಮದ್ರಾಸ್, ವಿಂದಾಲು ಎಲ್ಲವೂ ಅಲ್ಲಿ ಹತ್ತು ನಿಮಿಷದಲ್ಲಿ ಹುಟ್ಟುತ್ತವೆ. ಎಲ್ಲ ಗ್ರೇವಿಯೂ ಕಡೆಗೆ ಒಂದೇ ರುಚಿ ಎಂಬ ದೂರು ಹುಟ್ಟಿದ್ದೂ ಅಲ್ಲಿಂದಲೇ. ಮನೆಯಲ್ಲಿ ಅದಾಗದಂತೆ ತಡೆಯುವುದು ಸುಲಭ: ವಾರದ ಎಲ್ಲ ಅಡುಗೆಗೂ ಇದನ್ನೇ ಬಳಸಬಾರದು. ಸೊಪ್ಪಿನ ಸಾರಿಗೆ, ಮಜ್ಜಿಗೆಹುಳಿಗೆ, ಗೊಜ್ಜಿಗೆ ಈರುಳ್ಳಿ-ಟೊಮೆಟೊ ಮುದ್ದೆಯ ಹಂಗಿಲ್ಲ.

ಕರ್ನಾಟಕದ ಅಡುಗೆಗೆ ನಿಜವಾದ ತೊಡಕು ತೆಂಗಿನಕಾಯಿ. ಹಸಿ ಕಾಯಿಯಲ್ಲಿ ಅರ್ಧದ ಹತ್ತಿರ ನೀರು, ಮೂರನೇ ಒಂದು ಪಾಲು ಕೊಬ್ಬು. ರುಬ್ಬಿಟ್ಟ ಕಾಯಿಮಸಾಲೆ ಬೇಸಿಗೆಯಲ್ಲಿ ಬೆಳಿಗ್ಗೆಯಿಂದ ಸಂಜೆಯೊಳಗೆ ಹುಳಿ ವಾಸನೆ ಹಿಡಿಯುತ್ತದೆ. ಹಿಂದಿನವರು ದಿನಾ ಒರಳಿನ ಮುಂದೆ ಕೂತದ್ದು ಬೇರೆ ದಾರಿಯಿಲ್ಲದೆ. 1960ರ ದಶಕದಲ್ಲಿ ಬಂದ ಸುಮೀತ್ ಮಿಕ್ಸಿ ತೋಳಿನ ನೋವನ್ನು ತಪ್ಪಿಸಿತು, ದಿನವೂ ರುಬ್ಬುವುದನ್ನು ತಪ್ಪಿಸಲಿಲ್ಲ. ತಪ್ಪಿಸಿದ್ದು ಫ್ರೀಜರ್. ನಾಲ್ಕು ಕಾಯಿಗಳನ್ನು ಒಂದೇ ಸಲ ಒಡೆದು, ತುರಿದು, ಚಪ್ಪಟೆ ಚೀಲಗಳಲ್ಲಿ ತೆಳ್ಳಗೆ ಹರಡಿ ಫ್ರೀಜರಿಗಿಟ್ಟರೆ ಎರಡು ತಿಂಗಳಿಗೂ ಚಿಂತೆಯಿಲ್ಲ. ಚಪ್ಪಟೆಯಾಗಿದ್ದರೆ ಬೇಕಾದಷ್ಟನ್ನು ಮುರಿದುಕೊಳ್ಳಬಹುದು. ಉಂಡೆಯಾಗಿ ಗಟ್ಟಿಯಾದದ್ದನ್ನು ಒಡೆಯಲು ಕಲ್ಲೇ ಬೇಕು. ಅಂಥ ತುರಿಯನ್ನು ತಣ್ಣೀರು ಹಾಕಿ ರುಬ್ಬಿದರೆ ಕೊಬ್ಬು ಬೆಣ್ಣೆಯಂತೆ ಗಂಟುಗಟ್ಟಿ ಮಸಾಲೆ ಒಡೆದಂತೆ ಕಾಣುತ್ತದೆ, ಉಗುರುಬೆಚ್ಚಗಿನ ನೀರು ಹಾಕಬೇಕು. ಗಲ್ಫಿನಲ್ಲೂ ಅಮೆರಿಕದಲ್ಲೂ ಇರುವ ಕನ್ನಡದ ಮನೆಗಳು ನಡೆಯುತ್ತಿರುವುದು ಹೆಚ್ಚು ಕಡಿಮೆ ಹೀಗೆಯೇ: ಅಂಗಡಿಯ ಫ್ರೀಜರಿನ ಕಾಯಿತುರಿ, ಊರಿನಿಂದ ಸೂಟ್‌ಕೇಸಿನಲ್ಲಿ ಹೋದ ಹುಳಿಪುಡಿ. ಆದರೂ ನೀರು ದೋಸೆಯ ಜೊತೆಗಿನ ಕಾಯಿಚಟ್ನಿಗೆ, ಕೋಸಂಬರಿಗೆ ಆಗ ತಾನೇ ಒಡೆದ ಕಾಯಿಯ ಸಿಹಿ ಬೇರೆಯೇ. ಅಲ್ಲಿ ರಾಜಿ ಬೇಡ.

ಹುಣಸೆಯದು ಇದಕ್ಕೆ ವಿರುದ್ಧವಾದ ಸ್ವಭಾವ, ಅದು ಕೆಡುವುದಕ್ಕೇ ಒಲ್ಲದು. ಕಾಲು ಕಿಲೋ ಹುಣಸೆಹಣ್ಣನ್ನು ಬಿಸಿನೀರಿನಲ್ಲಿ ನೆನೆಸಿ, ಕಿವುಚಿ, ನಾರು-ಬೀಜ ಸೋಸಿ, ಉಪ್ಪು ಹಾಕಿ ಜ್ಯಾಮಿನ ಹದಕ್ಕೆ ಕುದಿಸಿದರೆ ಒಂದು ತಿಂಗಳ ಸಾರಿನ ಹುಳಿ ಫ್ರಿಜ್ಜಿನಲ್ಲಿ ಸಿದ್ಧ. ಮುಂದುವರಿದು ಬೆಲ್ಲ, ಪುಡಿ, ಎಣ್ಣೆ ಹಾಕಿ ಕುದಿಸಿದರೆ ಪುಳಿಯೋಗರೆ ಗೊಜ್ಜು. ಅನ್ನ ಒಂದಿದ್ದರೆ ಊಟವೇ ಆಯಿತು.

ಈ ಉತ್ಸಾಹದಲ್ಲಿ ಎಚ್ಚರ ತಪ್ಪಬಾರದ ಒಂದು ಜಾಗವಿದೆ: ಬೆಳ್ಳುಳ್ಳಿ. ಜಜ್ಜಿದ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಇಡುವ ಸಲಹೆ ಆಗಾಗ ಕಿವಿಗೆ ಬೀಳುತ್ತದೆ. ಎಣ್ಣೆಯ ಅಡಿಯಲ್ಲಿ ಗಾಳಿಯಿಲ್ಲ, ಬೆಳ್ಳುಳ್ಳಿಯಲ್ಲಿ ಹುಳಿಯಿಲ್ಲ. ಮಣ್ಣಿನಿಂದ ಬಂದ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾ ವಿಷ ಕಾರಲು ಹೇಳಿ ಮಾಡಿಸಿದ ಜಾಗ ಅದು. 1985ರಲ್ಲಿ ಕೆನಡಾದ ವ್ಯಾಂಕೂವರಿನ ರೆಸ್ಟೋರೆಂಟೊಂದರಲ್ಲಿ ಇಂಥ ಬೆಳ್ಳುಳ್ಳಿಯಿಂದ 30ಕ್ಕೂ ಹೆಚ್ಚು ಮಂದಿಗೆ ಬಾಟುಲಿಸಂ ತಗುಲಿತ್ತು. ಆ ವಿಷಕ್ಕೆ ಬಣ್ಣ, ವಾಸನೆ ಯಾವುದೂ ಇಲ್ಲ. ಶುಂಠಿ-ಬೆಳ್ಳುಳ್ಳಿ ಪೇಸ್ಟನ್ನು ಎರಡು ಮೂರು ದಿನಕ್ಕೆ ಆಗುವಷ್ಟು ಫ್ರಿಜ್ಜಿನಲ್ಲಿಟ್ಟು ಮಿಕ್ಕದ್ದನ್ನು ಐಸ್ ಟ್ರೇಯಲ್ಲಿ ಗಟ್ಟಿಮಾಡಿ ಫ್ರೀಜರಿಗೆ ಹಾಕುವುದು ಕ್ಷೇಮ. ಪೇಸ್ಟು ಒಮ್ಮೊಮ್ಮೆ ಹಸಿರು-ನೀಲಿಗೆ ತಿರುಗುವುದಕ್ಕೆ ಹೆದರಬೇಕಾಗಿಲ್ಲ, ಅದು ಬೆಳ್ಳುಳ್ಳಿಯ ಗಂಧಕದ ಅಂಶಗಳ ಆಟ.

ಅಂಗಡಿಯ ರೆಡಿ ಗ್ರೇವಿ ಪೊಟ್ಟಣಗಳು ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಇರುತ್ತವಲ್ಲ ಎಂದು ಕೇಳಬಹುದು. ಅವುಗಳನ್ನು ಮುಚ್ಚಿದ ಮೇಲೆ ಒತ್ತಡದಲ್ಲಿ 121 ಡಿಗ್ರಿಯ ಆಸುಪಾಸಿನ ಶಾಖಕ್ಕೆ ಒಡ್ಡಿರುತ್ತಾರೆ. ಸೈನಿಕರಿಗಾಗಿ ಇಂಥ ಪೊಟ್ಟಣದ ಊಟ ರೂಪಿಸಿದ ರಕ್ಷಣಾ ಆಹಾರ ಸಂಶೋಧನಾಲಯ ಇರುವುದು ನಮ್ಮ ಮೈಸೂರಿನಲ್ಲೇ, 1961ರಿಂದ. ಆ ಶಾಸ್ತ್ರ ಮನೆಯ ಒಲೆಯ ಮೇಲೆ ನಡೆಯುವಂಥದ್ದಲ್ಲ. ಮನೆಯ ಮಸಾಲೆ ಒಲೆಯಿಂದ ಇಳಿದ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಬೇಗ ಆರಲೆಂದು ಅಗಲದ ತಟ್ಟೆಗೆ ಹರಡಬೇಕು. ಫ್ರಿಜ್ಜಿನಲ್ಲಾದರೆ ಮೂರು ನಾಲ್ಕು ದಿನ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಾದರೆ ಎರಡು ಮೂರು ತಿಂಗಳು. ಒಂದು ಅಡುಗೆಗೆ ಒಂದು ಡಬ್ಬಿ. ಕರಗಿಸಿದ್ದನ್ನು ತಿರುಗಿ ಗಟ್ಟಿ ಮಾಡುವುದು ಬೇಡ. ಗಂಟೆಗಟ್ಟಲೆ ಕರೆಂಟು ಹೋಗುವ ಊರಾದರೆ ಫ್ರೀಜರನ್ನು ನಂಬದೆ ಪುಡಿ ಮತ್ತು ಗೊಜ್ಜುಗಳಲ್ಲೇ ನಿಲ್ಲುವುದು ಜಾಣತನ.

ಎಷ್ಟೇ ಮುಂಚೆ ಮಾಡಿಟ್ಟರೂ ಆ ಹೊತ್ತಿಗೇ ಆಗಬೇಕಾದದ್ದು ಒಗ್ಗರಣೆ. ಸಾಸಿವೆ ಸಿಡಿದು, ಇಂಗು ಅರಳಿ, ಕರಿಬೇವು ಚುರುಗುಟ್ಟಿದಾಗ ಏಳುವ ಪರಿಮಳ ಡಬ್ಬಿಯಲ್ಲಿ ನಿಲ್ಲುವಂಥದ್ದಲ್ಲ. ಫ್ರೀಜರಿನಿಂದ ಬಂದ ಮಸಾಲೆಗೆ ಜೀವ ಬರುವುದು ಅದರಿಂದ ಮತ್ತು ಕೊನೆಗೆ ಬೀಳುವ ಕೊತ್ತಂಬರಿ ಸೊಪ್ಪಿನಿಂದ.

ಈ ಭಾನುವಾರ ಒಂದೂವರೆ ಕಿಲೋ ಈರುಳ್ಳಿಯಿಂದ ಶುರು ಮಾಡಿ ನೋಡಿ. ಸಿಪ್ಪೆ ಸುಲಿಯುವುದು, ಹೆಚ್ಚುವುದು, ಕಾಯಿ ತುರಿಯುವುದು ಮನೆಯ ಗಂಡಸರಿಗೂ ಬೆಳೆದ ಮಕ್ಕಳಿಗೂ ಬರುವ ಕೆಲಸವೇ. ಅವರನ್ನೂ ಅಡುಗೆಮನೆಗೆ ಕರೆಯಿರಿ. ಡಬ್ಬಿಗಳ ಮೇಲೆ ತಾರೀಖು ಬರೆಯುವುದನ್ನು ಮಾತ್ರ ಮರೆಯಬೇಡಿ.