ಹೊಸ ವಿಂಡೋಸ್, ಹಳೇ ನಕ್ಷೆ: ನಾಲ್ಕೂವರೆ ಇಂಚಿನ ಗೋಡೆಯ ಅರ್ಧ ಇಂಚು ಎಲ್ಲಿ ಹೋಯ್ತು?

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಆ ದಿನದ ಆಸುಪಾಸಿನಲ್ಲಿ ಎಷ್ಟೋ ಮನೆ, ಆಫೀಸುಗಳಲ್ಲಿ ಹಳೇ ಕಂಪ್ಯೂಟರ್ ಮೂಲೆ ಸೇರಿತು, ವಿಂಡೋಸ್ 11 ಇರೋ ಹೊಸದು ಮೇಜಿಗೆ ಬಂತು. ಕೆಲವರು ಮ್ಯಾಕ್‌ಗೆ ಹೋದರು, ಕೆಲವರು ಲಿನಕ್ಸ್‌ಗೆ. ಫೋಟೋ, ಹಾಡು, ವರ್ಡ್ ಫೈಲು ಎಲ್ಲ ಸಲೀಸಾಗಿ ದಾಟಿದವು. ಕಷ್ಟ ಕೊಟ್ಟಿದ್ದು ಕ್ಯಾಡ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸೋ ತಂತ್ರಾಂಶ. ಈ ಕಂತು ಅದರ ಬಗ್ಗೆ.

ನಾವು ಕೂತು ಮಾತಾಡ್ತಿರೋ ಜಾಗ ಸಿಯಾಟಲ್ ಪಕ್ಕದ ಬೆಲ್‌ವ್ಯೂನ ಫ್ಯಾಕ್ಟೋರಿಯಾ. ನೂರು ವರ್ಷಕ್ಕೂ ಹಿಂದೆ ರೈಲು ಹಳಿಯ ಪಕ್ಕ ಸಾಲುಸಾಲು ಫ್ಯಾಕ್ಟರಿ ಬರುತ್ತೆ ಅಂದುಕೊಂಡು ಇಟ್ಟ ಹೆಸರಿದು. ಆ ಸಾಲು ಬರಲೇ ಇಲ್ಲ, ಹೆಸರು ಮಾತ್ರ ಉಳೀತು. ನಕ್ಷೆಯಲ್ಲಿ ಬರೆದದ್ದೆಲ್ಲ ನೆಲದ ಮೇಲೆ ಏಳಲ್ಲ ಅನ್ನೋದಕ್ಕೆ ಈ ಊರೇ ಸಾಕ್ಷಿ! ಈಗ ಇಲ್ಲಿ ಇರೋದು ಐ-90 ಮತ್ತು 405 ಹೆದ್ದಾರಿಗಳ ಕೂಡುರಸ್ತೆ, ಟಿ-ಮೊಬೈಲ್‌ನ ಮುಖ್ಯ ಕಚೇರಿ, ಮತ್ತೆ ಸಾಕಷ್ಟು ಕನ್ನಡದ ಮನೆಗಳು. ಇಂಥ ಮನೆಗಳಲ್ಲಿ ಒಂದು ಕೆಲಸ ಸಾಮಾನ್ಯ: ಮೈಸೂರಲ್ಲೋ ಹಾಸನದಲ್ಲೋ ಮನೆ ಕಟ್ಟಿಸ್ತಿರ್ತಾರೆ, ಅಲ್ಲಿಯ ಎಂಜಿನಿಯರ್ ಕಳಿಸಿದ ಪ್ಲಾನನ್ನು ಇಲ್ಲಿ ರಾತ್ರಿ ಕೂತು ತೆರೆದು ನೋಡ್ತಾರೆ.

ತಂತ್ರಾಂಶ ತೆರೆಯದೇ ಇದ್ದರೆ, ತೆರೆದ ಕೂಡಲೇ ಮುಚ್ಚಿಕೊಂಡರೆ, ಅದು ಒಳ್ಳೇ ತೊಂದರೆ ಅಂತ ನಮ್ಮ ಅಭಿಪ್ರಾಯ. ಯಾಕಂದ್ರೆ ತೊಂದರೆ ಇದೆ ಅನ್ನೋದು ಗೊತ್ತಾಗುತ್ತೆ. ಹೆದರಬೇಕಾದದ್ದು ಸದ್ದಿಲ್ಲದೆ ತೆರೆದುಕೊಂಡು, ಚೆನ್ನಾಗೇ ಕಂಡು, ಒಳಗೆ ಒಂದೆರಡು ಕಡೆ ಬದಲಾಗಿರೋ ನಕ್ಷೆಗೆ.

ಇದು ಹೇಗೆ ಸಾಧ್ಯ? ಆಟೋಕ್ಯಾಡ್‌ನ ಡಿಡಬ್ಲ್ಯೂಜಿ ಫೈಲು ಫೋಟೋ ಥರ ಅಲ್ಲ. ಅದರೊಳಗೆ ಇರೋದು ಸೂಚನೆಗಳು: ಈ ಬಿಂದುವಿನಿಂದ ಆ ಬಿಂದುವಿಗೆ ಗೆರೆ ಎಳಿ, ಇಲ್ಲಿ ಈ ಮಾತು ಬರಿ, ಅದನ್ನು ಇಂಥ ಹೆಸರಿನ ಫಾಂಟ್‌ನಲ್ಲಿ ಬರಿ. ಫಾಂಟ್‌ನ ಹೆಸರು ಮಾತ್ರ ಫೈಲಿನಲ್ಲಿರುತ್ತೆ, ಫಾಂಟ್ ಇರೋದು ಕಂಪ್ಯೂಟರಿನಲ್ಲಿ. ಪ್ರಿಂಟ್ ತೆಗೆಯುವಾಗ ಯಾವ ಬಣ್ಣದ ಗೆರೆ ಎಷ್ಟು ದಪ್ಪ ಬರಬೇಕು ಅನ್ನೋ ಪಟ್ಟಿಯೂ ಬೇರೆ ಫೈಲು. ಬೇರೆ ನಕ್ಷೆಯನ್ನು ಇದರೊಳಗೆ ಜೋಡಿಸಿದ್ದರೆ ಅದರ ವಿಳಾಸ ಮಾತ್ರ ಇಲ್ಲಿರುತ್ತೆ. ಒಟ್ಟಿನಲ್ಲಿ ಇದು ದಿನಸಿ ಚೀಟಿ ಇದ್ದ ಹಾಗೆ. ಆಪರೇಟಿಂಗ್ ಸಿಸ್ಟಮ್ ಬದಲಾಯಿಸಿದ್ರಿ ಅಂದ್ರೆ ಅದೇ ಚೀಟಿ ಹಿಡ್ಕೊಂಡು ಹೊಸ ಅಂಗಡಿಗೆ ಹೋದ ಹಾಗೆ. ಚೀಟಿಯಲ್ಲಿ ಸೋನಾ ಮಸೂರಿ ಅಂತಿದೆ, ಅಂಗಡಿಯಲ್ಲಿ ಇಲ್ಲ. ಅಂಗಡಿಯವನು ನಿಮ್ಮನ್ನು ಕೇಳದೇ ಬೇರೆ ಅಕ್ಕಿ ಕಟ್ಟಿಕೊಡ್ತಾನೆ.

ಈಗ ನಮ್ಮ ಶೀರ್ಷಿಕೆಯ ಗೋಡೆಗೆ ಬರೋಣ. ಕರ್ನಾಟಕದಲ್ಲಿ ಹೊರಗೋಡೆ ಒಂಬತ್ತು ಇಂಚು, ಒಳಗಿನ ಅಡ್ಡಗೋಡೆ ನಾಲ್ಕೂವರೆ ಇಂಚು ಅನ್ನೋದು ಇಟ್ಟಿಗೆ ಕೆಲಸದಲ್ಲಿ ಹಳೇ ರೂಢಿ. ಆಟೋಕ್ಯಾಡ್‌ಗೆ ಎಸ್‌ಎಚ್‌ಎಕ್ಸ್ ಅನ್ನೋ ತನ್ನದೇ ಗೆರೆ-ಫಾಂಟ್‌ಗಳಿವೆ. ಅಕ್ಷರಗಳನ್ನು ಪೆನ್ ಪ್ಲಾಟರ್ ಸುಲಭವಾಗಿ ಬರೆಯಲಿ ಅಂತ ಬಂದ ಕಾಲದವು. ಹಳೇ ಆಫೀಸುಗಳಲ್ಲಿ ಇಂಥ ಫಾಂಟ್‌ಗಳನ್ನು ತಿದ್ದಿ, ಯಾವುದೋ ಬಳಸದ ಕೋಡಿನ ಜಾಗದಲ್ಲಿ ಅರ್ಧ, ಕಾಲು, ಮುಕ್ಕಾಲು ಚಿಹ್ನೆಗಳನ್ನು ಕೂರಿಸಿಕೊಳ್ಳೋರು. ಆ ಫಾಂಟ್ ಹೊಸ ಕಂಪ್ಯೂಟರಿನಲ್ಲಿ ಇಲ್ಲ ಅಂದ್ಕೊಳ್ಳಿ. ಬದಲಿ ಫಾಂಟ್‌ನಲ್ಲಿ ಆ ಕೋಡಿನ ಜಾಗ ಖಾಲಿ, ಇಲ್ಲವೇ ಪ್ರಶ್ನಾರ್ಥಕ ಚಿಹ್ನೆ. ಪ್ರಶ್ನೆ ಚಿಹ್ನೆ ಬಂದರೆ ಪುಣ್ಯ, ಯಾರಾದರೂ ಕೇಳ್ತಾರೆ. ಖಾಲಿ ಬಂದರೆ ‘4½ ಇಂಚು’ ಅನ್ನೋದು ‘4 ಇಂಚು’ ಆಗಿ ನಿಲ್ಲುತ್ತೆ, ನೋಡೋಕೆ ಯಾವ ತಪ್ಪೂ ಇಲ್ಲ. ಗೋಡೆಯನ್ನು ಮೇಸ್ತ್ರಿ ಅನುಭವದಿಂದ ಸರಿ ಮಾಡಿಕೊಂಡಾರು. ಸ್ನಾನದ ಮನೆ ಬಾಗಿಲಿನ ಚೌಕಟ್ಟಿಗೋ ಮೆಟ್ಟಿಲ ಎತ್ತರಕ್ಕೋ ಹೀಗಾದರೆ ಅಷ್ಟು ಸುಲಭ ಅಲ್ಲ. ಕಂಬಿಯ ವ್ಯಾಸದ ಚಿಹ್ನೆಗೂ ಇದೇ ಗತಿ ಬರಬಹುದು.

ಎಸ್‌ಎಚ್‌ಎಕ್ಸ್ ಫಾಂಟ್ ಸಿಗದಿದ್ದರೆ ಆಟೋಕ್ಯಾಡ್ ಒಂದು ಕಿಟಕಿ ತೆರೆದು ಹೇಳುತ್ತೆ. ಆದರೆ ಅದೇ ಕಿಟಕಿಯಲ್ಲಿ ‘ಯಾವಾಗಲೂ ಹೀಗೇ ಮಾಡು’ ಅಂತ ಒಂದು ಟಿಕ್ ಇದೆ. ಬೇಜಾರಿಗೆ ಒಂದು ಸಲ ಒತ್ತಿಬಿಟ್ಟರೆ ಮತ್ತೆ ಕೇಳಲ್ಲ. ಟ್ರೂಟೈಪ್ ಫಾಂಟ್ ಆದರೆ ಸಾಮಾನ್ಯವಾಗಿ ಆ ಮಾತೂ ಇಲ್ಲ, ಸುಮ್ಮನೆ ಬದಲಾಯಿಸುತ್ತೆ.

ನಮ್ಮ ಭಾಷೆಯ ಕಥೆ ಇಲ್ಲೇ ಬರೋದು. ನಕ್ಷೆಯಲ್ಲಿ ‘ದೇವರ ಮನೆ’, ‘ಅಡುಗೆ ಮನೆ’, ‘ಸಂಪು’ ಅಂತ ಕನ್ನಡದಲ್ಲಿ ಬರೆದಿದ್ದರೆ ಅದು ಎರಡು ಥರ ಇರಬಹುದು. ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಕೋಡುಗಳ ಮೇಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಫಾಂಟ್ ಇರೋವರೆಗೆ ಅದು ಕನ್ನಡ. ಫಾಂಟ್ ಹೋಯ್ತೋ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಇದು ಕಣ್ಣಿಗೆ ಹೊಡೆಯುತ್ತೆ, ಆ ಫಾಂಟ್ ಫೈಲನ್ನು ಹಳೇ ಕಂಪ್ಯೂಟರಿನಿಂದ ತಂದು ಹಾಕಿದರೆ ಸರಿಹೋಗುತ್ತೆ. ಎರಡನೇದು ಯೂನಿಕೋಡ್. ಇಲ್ಲಿ ಫಾಂಟ್ ಬದಲಾದರೂ ಅಕ್ಷರದ ಗುರುತು ಹೋಗಲ್ಲ, ಆದರೆ ಅಗಲ ಬದಲಾಗಿ ಸಾಲು ಪಕ್ಕದ ಗೆರೆಯ ಮೇಲೆ ಹತ್ತಬಹುದು. ವಿಂಡೋಸ್ 7ರ ಕಾಲದಲ್ಲಿ ಬರೆದ ಯೂನಿಕೋಡ್ ಕನ್ನಡ ಹೆಚ್ಚಾಗಿ ತುಂಗಾ ಫಾಂಟ್‌ನಲ್ಲಿರುತ್ತೆ. ವಿಂಡೋಸ್ 10ರಿಂದ ಈಚೆಗೆ ತುಂಗಾ ತಾನಾಗಿ ಎಲ್ಲರ ಕಂಪ್ಯೂಟರಿಗೂ ಬರಲ್ಲ, ನಿರ್ಮಲಾ ಯುಐ ಮಾತ್ರ ಬರುತ್ತೆ. ಸೆಟಿಂಗ್ಸ್‌ಗೆ ಹೋಗಿ ಆಪ್ಷನಲ್ ಫೀಚರ್ಸ್ ಅಂತ ಹುಡುಕಿ, ಅಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿಕೊಂಡರೆ ತುಂಗಾ ವಾಪಸ್. ಮ್ಯಾಕ್‌ಗೆ ಹೋದವರಿಗೆ ಅಲ್ಲಿನ ಕನ್ನಡ ಫಾಂಟ್‌ಗಳ ಹೆಸರೇ ಬೇರೆ: ಕನ್ನಡ ಎಂಎನ್, ಕನ್ನಡ ಸಂಗಮ್ ಎಂಎನ್.

ಒಂದು ಸಣ್ಣ ಗುಟ್ಟು. ಈಗಿನ ವಿಂಡೋಸ್‌ನಲ್ಲಿ ಫಾಂಟ್ ಮೇಲೆ ರೈಟ್ ಕ್ಲಿಕ್ ಮಾಡಿ ಬರೀ ‘ಇನ್‌ಸ್ಟಾಲ್’ ಒತ್ತಿದರೆ ಅದು ನಿಮ್ಮೊಬ್ಬರ ಖಾತೆಯ ಫೋಲ್ಡರಿಗೆ ಹೋಗುತ್ತೆ, ಕೆಲವು ತಂತ್ರಾಂಶಗಳಿಗೆ ಅದು ಕಾಣಲ್ಲ. ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಆಯ್ಕೆ ಮಾಡಿ. ಫಾಂಟ್ ಹಾಕಿದ್ದೀನಲ್ಲ, ಯಾಕೆ ಬರ್ತಿಲ್ಲ ಅಂತ ತಲೆ ಕೆರೆದುಕೊಳ್ಳೋರಿಗೆ ಎಷ್ಟೋ ಸಲ ಉತ್ತರ ಇಷ್ಟೇ.

ಉಳಿದವನ್ನು ಬೇಗ ಹೇಳಿಬಿಡ್ತೀವಿ. ಗೆರೆಗಳ ದಪ್ಪದ ಪಟ್ಟಿ ಇರೋದು ಸಿಟಿಬಿ ಅನ್ನೋ ಫೈಲಿನಲ್ಲಿ. ಅದು ಬಳಕೆದಾರರ ಖಾತೆಯ ಅಡಗಿದ ಫೋಲ್ಡರಿನಲ್ಲಿರುತ್ತೆ, ಡಾಕ್ಯುಮೆಂಟ್ಸ್ ಮಾತ್ರ ನಕಲು ಮಾಡಿದರೆ ಬರಲ್ಲ. ಪರಿಣಾಮ, ಪ್ರಿಂಟ್‌ನಲ್ಲಿ ಗೋಡೆ ಗೆರೆಯೂ ಅಳತೆ ಗೆರೆಯೂ ಒಂದೇ ದಪ್ಪ. ಪರದೆ ಮಿನುಗಿದರೆ, ಕರ್ಸರ್ ಎಳೆದಾಡಿದರೆ ಮೊದಲು ಗ್ರಾಫಿಕ್ಸ್ ಕಾರ್ಡಿನ ಕಂಪನಿಯದೇ ಡ್ರೈವರ್ ಹಾಕಿ. ಹೊಸ ವಿಂಡೋಸ್ ಕೆಲವೊಮ್ಮೆ ತನ್ನ ಬೇಸಿಕ್ ಡ್ರೈವರ್‌ನಲ್ಲೇ ಕೆಲಸ ಸಾಗಿಸ್ತಿರುತ್ತೆ. ಲಿನಕ್ಸ್‌ನಲ್ಲಿ ಡಿ ಡ್ರೈವ್ ಅನ್ನೋದೇ ಇಲ್ಲ, ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಬೇರೆ ಹೆಸರು ಅಂತ ಲೆಕ್ಕ. ಹಾಗಾಗಿ ಜೋಡಿಸಿದ ನಕ್ಷೆಗಳ ವಿಳಾಸ ತಪ್ಪುತ್ತೆ. ಅಲ್ಲಿ ಸಿಗೋ ಲಿಬ್ರೆಕ್ಯಾಡ್ ಉಚಿತ, ಚೆನ್ನಾಗೂ ಇದೆ, ಆದರೆ ಅದರ ಮನೆಮಾತು ಡಿಎಕ್ಸ್‌ಎಫ್. ಫಾಂಟ್ ಫೈಲಿನ ಬಗೆಯೂ ಅದರದ್ದೇ.

ಈ ತೊಂದರೆ ಈಗಿನದ್ದಲ್ಲ, ನಮ್ಮ 405 ರಸ್ತೆಯಲ್ಲೇ ಹಳೇ ಉದಾಹರಣೆ ಇದೆ. ಫ್ಯಾಕ್ಟೋರಿಯಾದಿಂದ ಉತ್ತರಕ್ಕೆ ಹೋದರೆ ಬಾಥೆಲ್. 1980ರ ದಶಕದಲ್ಲಿ ಅಲ್ಲಿದ್ದ ಜೆನೆರಿಕ್ ಸಾಫ್ಟ್‌ವೇರ್ ಅನ್ನೋ ಕಂಪನಿ ಜೆನೆರಿಕ್ ಕ್ಯಾಡ್ ಅಂತ ಅಗ್ಗದ ಡಾಸ್ ತಂತ್ರಾಂಶ ಮಾರ್ತಿತ್ತು. ಎರಡೇ ಅಕ್ಷರದ ಆದೇಶಗಳು, ಎಲ್ ಮತ್ತು ಐ ಒತ್ತಿದರೆ ಗೆರೆ. ಆಟೋಕ್ಯಾಡ್ ಕೊಳ್ಳಲಾಗದವರು ಅದನ್ನು ಪ್ರೀತಿಯಿಂದ ಬಳಸಿದರು. 1989ರಲ್ಲಿ ಆಟೋಡೆಸ್ಕ್ ಆ ಕಂಪನಿಯನ್ನು ಕೊಂಡುಕೊಂಡಿತು, ಮುಂದೆ ತಂತ್ರಾಂಶ ನಿಂತಿತು. ಜಗತ್ತು ಡಾಸ್‌ನಿಂದ ವಿಂಡೋಸ್‌ಗೆ ಹೋದಾಗ ಜಿಸಿಡಿ ಅನ್ನೋ ಬಗೆಯ ಅವರ ನಕ್ಷೆಗಳನ್ನು ಓದೋಕೆ ಬೇರೆಯವರ ತಂತ್ರಾಂಶ ಹುಡುಕಬೇಕಾಯ್ತು.

ಅದೇ ರಸ್ತೆಯಲ್ಲಿ ದಕ್ಷಿಣಕ್ಕೆ ಹೋದರೆ ರೆಂಟನ್, ಬೋಯಿಂಗ್ 737 ತಯಾರಾಗೋ ಊರು. ವಿಮಾನದವರ ಕ್ಯಾಡ್ ಅಂದರೆ ಕಟಿಯಾ. ಅದರ ದೊಡ್ಡ ಪಾಠ ಕಲಿತದ್ದು ಬೋಯಿಂಗ್‌ನ ಎದುರಾಳಿ ಏರ್‌ಬಸ್. ಎ380 ವಿಮಾನಕ್ಕೆ ಜರ್ಮನಿಯವರು ಕಟಿಯಾ ನಾಲ್ಕನೇ ಆವೃತ್ತಿ ಬಳಸಿದರು, ಫ್ರಾನ್ಸ್‌ನವರು ಐದನೇದು. ನಾಲ್ಕು ಯುನಿಕ್ಸ್ ಕಾಲದ್ದು, ಐದು ವಿಂಡೋಸ್‌ನಲ್ಲೂ ನಡೆಯೋ ಹಾಗೆ ಹೊಸದಾಗಿ ಬರೆದದ್ದು. ಹೆಸರು ಒಂದೇ, ಫೈಲು ಪೂರ್ತಿ ಹೊಂದಲಿಲ್ಲ. ಒಂದು ವಿಮಾನದಲ್ಲಿ ಸುಮಾರು 530 ಕಿಲೋಮೀಟರ್ ತಂತಿ. ಹ್ಯಾಂಬರ್ಗ್‌ನಿಂದ ಬಂದ ತಂತಿ ಕಂತೆಗಳು ತುಲೂಸ್‌ನಲ್ಲಿ ಕೂರಿಸೋಕೆ ಹೋದಾಗ ಗಿಡ್ಡ ಬಿದ್ದವು. 2006ರಲ್ಲಿ ಏರ್‌ಬಸ್ ಮತ್ತೆ ಮತ್ತೆ ವಿಳಂಬ ಘೋಷಿಸಿತು. ಬೇರೆ ಕಾರಣಗಳೂ ಇದ್ದವು, ಆದರೆ ಎರಡು ಆವೃತ್ತಿಗಳ ಜಗಳ ದೊಡ್ಡದಾಗಿತ್ತು.

ಹಾಗಾದರೆ ಮನೆಯಲ್ಲಿ ಏನು ಮಾಡೋದು? ಹಳೇ ಕಂಪ್ಯೂಟರ್ ಇನ್ನೂ ಆನ್ ಆಗುತ್ತಾ ನೋಡಿ. ಆಗೋದಾದರೆ ಮುಖ್ಯ ನಕ್ಷೆಗಳನ್ನು ಅದರಲ್ಲೇ ತೆರೆದು ಒಂದೊಂದು ಪಿಡಿಎಫ್ ತೆಗೆದಿಡಿ. ಅಕ್ಷರ, ಗೆರೆಯ ದಪ್ಪ ಎಲ್ಲ ಮೊದಲಿದ್ದ ಹಾಗೆ ಅದರಲ್ಲಿ ಹೆಪ್ಪುಗಟ್ಟಿರುತ್ತೆ. ಆಮೇಲೆ ಆಟೋಕ್ಯಾಡ್‌ನ ಇ-ಟ್ರಾನ್ಸ್‌ಮಿಟ್ ಆದೇಶ ಕೊಡಿ. ಅದು ನಕ್ಷೆ, ಜೋಡಿಸಿದ ನಕ್ಷೆಗಳು, ಸಿಟಿಬಿ ಎಲ್ಲವನ್ನೂ ಒಂದೇ ಗಂಟು ಕಟ್ಟುತ್ತೆ. ಫಾಂಟ್‌ಗಳನ್ನೂ ಸೇರಿಸು ಅನ್ನೋ ಆಯ್ಕೆಯನ್ನು ಮರೀದೆ ಟಿಕ್ ಮಾಡಿ. ಹೊಸ ಯಂತ್ರದಲ್ಲಿ ಗಂಟು ಬಿಚ್ಚಿ, ಮತ್ತೊಂದು ಪಿಡಿಎಫ್ ತೆಗೆದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಗೆರೆಗಳನ್ನು ಆಮೇಲೆ ನೋಡಿ, ಮೊದಲು ಅಳತೆಯ ಅಂಕಿಗಳನ್ನು, ಭಿನ್ನರಾಶಿಗಳನ್ನು, ಕಂಬಿಯ ಟಿಪ್ಪಣಿಗಳನ್ನು ಓದಿ.

ಹಳೇದು ಕೈಬಿಟ್ಟೇ ಹೋಗಿದ್ದರೆ ನಕ್ಷೆ ಬಿಡಿಸಿದವರನ್ನೇ ಕೇಳಿ, ‘ಸರ್, ನಿಮ್ಮ ಕಡೆಯಿಂದ ಒಂದು ಪಿಡಿಎಫ್ ಮತ್ತೆ ಫಾಂಟ್ ಫೋಲ್ಡರ್ ಕಳಿಸ್ತೀರಾ’ ಅಂತ. ಅವರಿಗೆ ಅದು ಐದು ನಿಮಿಷದ ಕೆಲಸ. ವಿಂಡೋಸ್ 10 ಇನ್ನೂ ಬಳಸ್ತಿರೋ ಮನೆಬಳಕೆದಾರರು ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತೆ ಅಂತ ಮೈಕ್ರೋಸಾಫ್ಟ್ ಹೇಳಿದೆ. ನಕ್ಷೆಗಳನ್ನು ದಾಟಿಸೋಕೆ ಆ ಸಮಯ ಧಾರಾಳ.