ಅಮರಾವತಿ ದಂಡೆಯ ಹನುಮಂತರಾಯ

ಮೈಸೂರು ಸೀಮೆಯಿಂದ ರಾಮೇಶ್ವರಕ್ಕೆ ಹೊರಟವರು ದಿಂಬಂ ಘಾಟಿಯ 27 ತಿರುವು ಇಳಿದು, ಸತ್ಯಮಂಗಲ ದಾಟಿ, ಕೊಂಗುನಾಡಿನ ಬಯಲಿಗೆ ಬಿದ್ದ ಮೇಲೆ ಕಿಟಕಿಗೆ ತಲೆ ಆನಿಸಿ ನಿದ್ದೆಹೋಗುತ್ತಾರೆ. ಮನಸ್ಸೆಲ್ಲ ಪಳನಿ, ಮದುರೆ, ಆಮೇಲೆ ಸಮುದ್ರ. ಈ ದಾರಿ ಹಿಡಿಯುವವರಿಗೆಲ್ಲ ನಾನು ಹೇಳುವುದಿಷ್ಟೇ: ಧಾರಾಪುರದಲ್ಲಿ ಒಂದು ಗಳಿಗೆ ಇಳಿಯಿರಿ. ಕಡಲು ಹಾರಿದವನು ಅಲ್ಲಿ ಅಮರಾವತಿ ನದಿಯ ಮಗ್ಗುಲಲ್ಲಿ ನಿಂತಿದ್ದಾನೆ, ಅದೂ ಕನ್ನಡದ ಹೆಸರಿನಲ್ಲಿ.

ತಮಿಳುನಾಡಿನಲ್ಲಿ ಹೆಚ್ಚಾಗಿ ಹನುಮಂತನೆಂದರೆ ಆಂಜನೇಯರ್. ನಾಮಕ್ಕಲ್‌ನಲ್ಲಿ ಹಾಗೇ, ಶುಚೀಂದ್ರಂನಲ್ಲೂ ಹಾಗೇ. ಧಾರಾಪುರದವನು ಮಾತ್ರ ಕಾಡು ಹನುಮಂತರಾಯ. ‘ಕಾಡು’ ಎರಡೂ ಭಾಷೆಗೆ ಸೇರಿದ ಮಾತು. ಆ ‘ರಾಯ’ ನಮ್ಮದು. ಒಂದಕ್ಷರ ಕನ್ನಡ ಬಾರದವರ ಬಾಯಲ್ಲೂ ಆ ಹೆಸರು ಕೇಳಿದಾಗ ನನಗೆ ಊರಿನ ನೆಂಟರು ಸಿಕ್ಕಷ್ಟು ಸಂತೋಷವಾಯಿತು.

ಪ್ರತಿಷ್ಠೆ ವ್ಯಾಸರಾಜರದು ಎಂಬುದು ಪರಂಪರೆಯ ನಂಬಿಕೆ. ಬನ್ನೂರಿನಲ್ಲಿ ಹುಟ್ಟಿ, ವಿಜಯನಗರದಲ್ಲಿ ಕೃಷ್ಣದೇವರಾಯನ ಗೌರವ ಪಡೆದು, 1539ರಲ್ಲಿ ವೃಂದಾವನಸ್ಥರಾದ ಯತಿ 732 ಹನುಮಂತರನ್ನು ಸ್ಥಾಪಿಸಿದರೆಂದು ಮಾಧ್ವರು ಎಣಿಸುತ್ತಾರೆ. ಅವರ ಹನುಮಂತನಿಗೆ ಒಂದು ಗುರುತುಂಟು: ತಲೆಯ ಮೇಲಕ್ಕೆ ಬಳಸಿಬಂದ ಬಾಲ, ಅದರ ತುದಿಗೆ ಪುಟ್ಟ ಗಂಟೆ. ಇಂಥ ಗುಡಿಗಳಲ್ಲಿ ಬೆಣ್ಣೆ, ತುಳಸಿ, ವಡೆಮಾಲೆಯ ನಡುವೆ ನನ್ನ ಕಣ್ಣು ಮೊದಲು ಹುಡುಕುವುದು ಆ ಗಂಟೆಯನ್ನೇ.

ಊರಿನವರ ಇನ್ನೊಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಧಾರಾಪುರವೇ ಪಾಂಡವರು ಅಜ್ಞಾತವಾಸ ಕಳೆದ ಹಿಂದಿನ ವಿರಾಟಪುರವಂತೆ. ನಮ್ಮ ಹಾನಗಲ್ಲಿಗೂ ವಿರಾಟನಗರವೆಂಬ ಖ್ಯಾತಿಯಿದೆ. ಆ ವ್ಯಾಜ್ಯ ನನಗೆ ಬೇಡ. ಆದರೆ ಮಾಧ್ವರಿಗೆ ಹನುಮ, ಭೀಮ, ಮಧ್ವ ಮೂವರೂ ಒಬ್ಬನೇ ವಾಯುವಿನ ಅವತಾರ. ಭೀಮ ವಲಲನಾಗಿ ಸೌಟು ಹಿಡಿದ ಊರಿನಲ್ಲೇ ಹನುಮಂತ ನೆಲೆಸಿದ್ದಾನೆ ಎಂದರೆ ಭಕ್ತನಿಗೆ ಅದು ಬರಿಯ ಕಾಕತಾಳೀಯವಾಗಿ ಕಾಣುವುದಿಲ್ಲ.

ಮೈಸೂರಿನ ನಂಟೂ ಇಲ್ಲಿಗೆ ಹಳೆಯದು. ಒಡೆಯರು, ಆಮೇಲೆ ಹೈದರ್, ಟಿಪ್ಪು ಈ ಸೀಮೆಯನ್ನು ಆಳಿದರು. 1783ರಲ್ಲಿ ಬ್ರಿಟಿಷ್ ಸೇನಾನಿ ಫುಲ್ಲರ್ಟನ್ ಇಲ್ಲಿಯ ಕೋಟೆ ಹಿಡಿದ; 1799ರಲ್ಲಿ ಟಿಪ್ಪು ಬಿದ್ದ ಮೇಲೆ ಸೀಮೆ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಊರು ಕೊಯಮತ್ತೂರು, ಈರೋಡು ಜಿಲ್ಲೆಗಳಲ್ಲಿದ್ದು, 2009ರಿಂದ ತಿರುಪ್ಪೂರಿಗೆ ಸೇರಿದೆ. ಆಡಳಿತ ಇಷ್ಟು ಸಲ ಕೈ ಬದಲಾಯಿಸಿದರೂ ದೇವರ ಹೆಸರನ್ನು ಯಾರೂ ತಿದ್ದಲಿಲ್ಲ.

ಹನುಮಜ್ಜಯಂತಿಗೆ ಹೋಗುವವರು ಪಂಚಾಂಗ ನೋಡಿಕೊಳ್ಳಿ. ತಮಿಳರಿಗೆ ಅದು ಮಾರ್ಗಳಿ ತಿಂಗಳ ಹಬ್ಬ, ಚೈತ್ರದ ಹುಣ್ಣಿಮೆಯದಲ್ಲ. ಶನಿವಾರ ನೂಕುನುಗ್ಗಲು. ಸಮಾಧಾನವಾಗಿ ನೋಡಬೇಕೆಂದರೆ ವಾರದ ನಡುವೆ ಬೆಳಿಗ್ಗೆಯೇ ಹೋಗಿ.

ದರ್ಶನ ಮುಗಿಸಿ ನದಿಗೆ ಇಳಿದೆ. ಉಡುಮಲೆ ಬಳಿಯ ಅಣೆಕಟ್ಟಿನಿಂದ ಬಿಟ್ಟಾಗ ಬರುವ ನೀರು. ಆ ದಿನ ಮೊಣಕಾಲಿನಷ್ಟಿತ್ತು. ಇದು ಕರೂರಿನ ಆಚೆ ಕಾವೇರಿಗೆ ಕೂಡುತ್ತದೆ, ಕೊಡಗಿನಿಂದ ಬಂದ ನೀರಿನ ಜೊತೆ ಪೂಂಪುಹಾರದಲ್ಲಿ ಕಡಲು ಸೇರುತ್ತದೆ. ಒಂದು ಬೊಗಸೆ ತಲೆಗೆ ಚಿಮುಕಿಸಿಕೊಂಡು ರಾಮೇಶ್ವರದ ಬಸ್ಸು ಹತ್ತಿದೆ.