ಸಂಶೋಧನೆಯೂ ಒಂದು ಸಾಕ್ಷ್ಯ

ಸಂಶೋಧನೆಯೆಂದೊಡನೆ ಶಾಸನ, ತಾಳೆಯೋಲೆ, ಪಾಠಾಂತರಗಳು ನಮ್ಮ ಸಾಹಿತ್ಯ ವಿದ್ಯಾರ್ಥಿಗಳ ಮನಸ್ಸಿಗೆ ಬರುತ್ತವೆ. ವರ್ತಮಾನದ ಸಾಮಾಜಿಕ ಸಮಸ್ಯೆಗಳು ಬೇರೆ ಶಾಸ್ತ್ರದವರ ಪಾಲಿನವೆಂದೂ, ಸ್ವಂತ ಆಸಕ್ತಿ ವಿದ್ವತ್ತಿಗೆ ಕಳಂಕವೆಂದೂ ಭಾವಿಸುವವರು ಕಡಿಮೆಯಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಅರಣ್ಯವಾಸಿಗಳ ಪ್ರಶ್ನೆಯನ್ನು ನೋಡಿದರೆ ಈ ಎರಡು ಭಾವನೆಗಳೂ ನಿಲ್ಲುವುದಿಲ್ಲ. ಆ ಪ್ರಶ್ನೆಯಲ್ಲಿ ಸಂಶೋಧನೆಯನ್ನು ಕಾನೂನೇ ಸಾಕ್ಷ್ಯವೆಂದು ಕರೆದಿದೆ.

2006ರ ಅರಣ್ಯ ಹಕ್ಕುಗಳ ಮಾನ್ಯತಾ ಕಾಯ್ದೆಯು ಕಾಡಿನ ನೆಲದಲ್ಲಿ ಬಾಳುವವರನ್ನು ಎರಡು ವರ್ಗವಾಗಿ ಎಣಿಸುತ್ತದೆ. ಪರಿಶಿಷ್ಟ ಬುಡಕಟ್ಟಿನವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಆ ನೆಲದಲ್ಲಿ ಇದ್ದುದನ್ನು ತೋರಿಸಿದರೆ ಸಾಕು. ಇತರ ಪಾರಂಪರಿಕ ಅರಣ್ಯವಾಸಿಗಳಾದರೋ ಆ ದಿನಾಂಕಕ್ಕೆ ಹಿಂದೆ ಮೂರು ತಲೆಮಾರು, ಎಂದರೆ 75 ವರ್ಷ, ತಾವು ಅಲ್ಲಿ ನೆಲೆಸಿದ್ದುದನ್ನು ಸಿದ್ಧಪಡಿಸಬೇಕು. ಯಲ್ಲಾಪುರದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಬುಡಕಟ್ಟೆಂದು ಮಾನ್ಯರಾದುದರಿಂದ ಮೊದಲ ವರ್ಗಕ್ಕೆ ಸೇರಿದರು. ಅದೇ ಹಳ್ಳದ ನೀರು ಕುಡಿದು, ಅದೇ ಕಾಡಿನ ಸೊಪ್ಪು ಹೊತ್ತು ಬದುಕಿದ ನೆರೆಮನೆಯವರು ಆ ಪಟ್ಟಿಯಲ್ಲಿಲ್ಲದಿದ್ದರೆ ಎರಡನೆಯ ವರ್ಗಕ್ಕೆ ಬೀಳುತ್ತಾರೆ. 75 ವರ್ಷದ ಲೆಕ್ಕ 1930ಕ್ಕೆ ಹೋಗಿ ನಿಲ್ಲುತ್ತದೆ. ಸಿದ್ದಾಪುರದಲ್ಲಿ ಕರನಿರಾಕರಣೆಯ ಚಳವಳಿ ನಡೆದು ಮನೆತನಗಳ ಜಮೀನು ಜಪ್ತಿಯಾದ ಕಾಲವೂ ಅದೇ. ಮಲೆನಾಡಿನ ಮಳೆ, ಗೆದ್ದಲು, ಹುಲ್ಲಿನ ಮಾಡುಗಳ ನಡುವೆ ಕಾಗದ ಅಷ್ಟು ಕಾಲ ಉಳಿಯುವುದು ಕಷ್ಟ. ಕಾಡಿನ ಗುಡಿಸಲಿಗೆ ಅಂದು ಕಾಗದ ಕೊಟ್ಟವರಾದರೂ ಯಾರು?

2008ರ ನಿಯಮಗಳ 13ನೆಯ ನಿಯಮ ಇದಕ್ಕೆ ಒಂದು ದಾರಿ ತೋರಿಸಿದೆ. ಸರ್ಕಾರಿ ದಾಖಲೆ, ನಕಾಶೆ, ಗೆಜೆಟಿಯರುಗಳ ಜೊತೆಗೆ ಹಳೆಯ ಬಾವಿ, ಸ್ಮಶಾನ, ಪೂಜಾಸ್ಥಳಗಳನ್ನೂ, ವಂಶಾವಳಿಯನ್ನೂ, ಹೆಸರಾಂತ ಸಂಸ್ಥೆಗಳು ನಡೆಸಿದ ಸಂಶೋಧನಾ ಅಧ್ಯಯನಗಳನ್ನೂ ಅದು ಸಾಕ್ಷ್ಯವೆಂದು ಎಣಿಸುತ್ತದೆ. ಹಕ್ಕುದಾರರಲ್ಲದ ಹಿರಿಯರು ಹೇಳಿ ಬರೆಸಿದ ಹೇಳಿಕೆಯೂ ಈ ಪಟ್ಟಿಯಲ್ಲಿದೆ. ವಂಶಾವಳಿ, ಸ್ಥಳನಾಮ, ಐತಿಹ್ಯ! ಇವು ಸಾಹಿತ್ಯ ವಿದ್ಯಾರ್ಥಿಯ ನಿತ್ಯದ ಸಾಮಗ್ರಿಗಳಲ್ಲವೆ?

ತನ್ನವರ ಜಮೀನಿನ ಪ್ರಶ್ನೆಯನ್ನೇ ಎತ್ತಿಕೊಂಡವನ ಸಂಶೋಧನೆ ಪಕ್ಷಪಾತವಾಗದೆ ಎಂಬ ಆಕ್ಷೇಪಣೆ ಬರಬಹುದು. ಇದಕ್ಕೆ ಶಿರಸಿಯಲ್ಲೇ ಉತ್ತರವಿದೆ. ಬೇಡ್ತಿ ನದಿಗೆ ಅಣೆಕಟ್ಟು ಕಟ್ಟುವ ಜಲವಿದ್ಯುತ್ ಯೋಜನೆ ಬಂದಾಗ, ಅಡಕೆ ಬೆಳೆಗಾರರ ಸಂಸ್ಥೆಯಾದ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ 1981ರ ಜನವರಿಯಲ್ಲಿ ವಿಜ್ಞಾನಿಗಳ ಗೋಷ್ಠಿ ನಡೆಸುವಲ್ಲಿ ಮುಂದಾಯಿತು. ತೋಟ ಮುಳುಗುವವರಿಗೆ ಹಿತಾಸಕ್ತಿ ಇದ್ದುದು ಗುಟ್ಟೇನಲ್ಲ. ಆದರೂ ಅವರು ಘೋಷಣೆಗೆ ತೃಪ್ತರಾಗದೆ ಯೋಜನೆಯ ಲಾಭನಷ್ಟದ ಲೆಕ್ಕವನ್ನೇ ಪರೀಕ್ಷೆಗೊಡ್ಡಿದರು. ಮುಂದೆ ಆ ಯೋಜನೆ ಕೈಬಿಟ್ಟುಹೋಯಿತು.

ಹೊರಗಿನಿಂದ ಬಂದವರಿಗೂ ಈ ಕಾಡಂಚಿನ ಜನರ ಮಾತು ಕೇಳದೆ ಗತಿಯಿರಲಿಲ್ಲ. 1970ರ ದಶಕದಲ್ಲಿ ಮಾಧವ ಗಾಡ್ಗೀಳರು ಈ ಜಿಲ್ಲೆಯ ಬಿದಿರಿನ ಅಧ್ಯಯನ ಕೈಗೊಂಡಾಗ, ಬಿದಿರುಮೆಳೆಯ ಬುಡದ ಮುಳ್ಳನ್ನು ಸವರಿ ತೆಗೆದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆಂಬುದು ಅರಣ್ಯಾಧಿಕಾರಿಗಳ ನಂಬಿಕೆಯಾಗಿತ್ತು. ಮುಳ್ಳು ಹೋದರೆ ಎಳೆಯ ಕಳಲೆ ದನಕರುಗಳ ಪಾಲಾಗುವುದೆಂದು ಹಳ್ಳಿಗರು ಹೇಳಿದರು. ಅಧ್ಯಯನದಲ್ಲಿ ಹಳ್ಳಿಗರ ಮಾತೇ ನಿಜವಾಯಿತು. ಅವರ ಮಾತನ್ನು ಗೌರವದಿಂದ ಕೇಳಿದ್ದು ಮಾತ್ರ ಸಾಲದು, ಅದನ್ನು ಕಾಡಿಗೆ ಹೋಗಿ ಅಳೆದು ನೋಡಿದ್ದು ಮುಖ್ಯವಾದ ಸಂಗತಿ.

ಹಿರಿಯರ ನೆನಪಿಗೂ ಇಂತಹ ಪರೀಕ್ಷೆ ಬೇಕು. 1930ರಲ್ಲಿ ಹತ್ತು ವರ್ಷದವರಾಗಿದ್ದವರು ಇಂದು ನೂರು ದಾಟಿರುತ್ತಾರೆ. ಹೀಗಾಗಿ ದೊರೆಯುವುದು ಬಹುಮಟ್ಟಿಗೆ ತಾಯಿತಂದೆಯರಿಂದ ಕೇಳಿದ ನೆನಪು. ಅದು ಮೂಲಪ್ರತಿಯಲ್ಲ, ಪ್ರತಿಯ ಪ್ರತಿ. ಒಂದೇ ಘಟನೆಯನ್ನು ನಾಲ್ಕು ಮನೆಗಳಲ್ಲಿ ಕೇಳಿ, ಹೊಂದುವುದನ್ನೂ ಹೊಂದದ್ದನ್ನೂ ಎರಡನ್ನೂ ಬರೆದಿಡುವುದು ಗ್ರಂಥಸಂಪಾದನೆ ಕಲಿತವರಿಗೆ ಹೊಸದಲ್ಲ. ಎಷ್ಟು ವರ್ಷವಾಯಿತೆಂದು ಕೇಳಿದರೆ ಬರುವುದು ಅಂದಾಜು. ಕರನಿರಾಕರಣೆಗೆ ಮೊದಲು ಈ ಬಾವಿ ಇತ್ತೆ, ಬಿದಿರು ಹೂಬಿಟ್ಟು ಸತ್ತಾಗ ಮನೆ ಎಲ್ಲಿತ್ತು, ತೋಟಕ್ಕೆ ಸೊಪ್ಪು ಯಾವ ಬೆಟ್ಟದಿಂದ ಬರುತ್ತಿತ್ತು ಎಂದು ಕೇಳಿದರೆ ಕಾಲ ತಾನಾಗಿ ಗೊತ್ತಾಗುತ್ತದೆ. ಬ್ರಿಟಿಷರ ಕಾಲದಲ್ಲಿ ಒಂದು ಎಕರೆ ಅಡಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿದ್ದುದರಿಂದ, ಬೆಟ್ಟದ ಹೆಸರೊಂದು ಸಿಕ್ಕರೆ ಹಳೆಯ ನಕಾಶೆಯಲ್ಲಿ ಹುಡುಕಲು ದಾರಿಯಾದೀತು.

ಹೇಳಿಕೆ ಹಕ್ಕುದಾರರಲ್ಲದವರದಾಗಬೇಕೆಂಬ ನಿಬಂಧನೆಯಿಂದ ಸಂಶೋಧಕನು ತನ್ನ ಮನೆಯ ಜಗುಲಿಯಿಳಿದು ನೆರೆಕೇರಿಗೆ ಹೋಗಲೇಬೇಕಾಗುತ್ತದೆ. ಅಲ್ಲಿ ಕೇಳಿದ್ದನ್ನು ಹಿರಿಯರ ನುಡಿಯಲ್ಲೇ ಬರೆದು, ಅವರಿಗೇ ಓದಿಹೇಳಿ, ದಿನಾಂಕ ಹಾಕಿ, ರುಜು ಅಥವಾ ಹೆಬ್ಬೆಟ್ಟು ಪಡೆದು, ಒಂದು ಪ್ರತಿಯನ್ನು ಗ್ರಾಮದ ಅರಣ್ಯ ಹಕ್ಕು ಸಮಿತಿಗೂ ಇನ್ನೊಂದನ್ನು ಆ ಮನೆಗೂ ಕೊಡುವುದು ಯುಕ್ತ.